ಲಿಂಕಿನ ಹಿಂದೊಂದು ಲಿಂಕ್: ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ನಡೆಯುವ ಕೋಡ್ ಬರೆಯುವುದು ಹೇಗೆ?

ಸಿಂಬಾಲಿಕ್ ಲಿಂಕ್ ಒಳಗೆ ಇರುವುದು ಇನ್ನೊಂದು ಜಾಗದ ಪಾತ್, ಅಂದರೆ ವಿಳಾಸ, ಅಷ್ಟೇ. ಆ ಜಾಗದಲ್ಲಿ ಇರುವುದೂ ಒಂದು ಲಿಂಕೇ ಆಗಿದ್ದರೆ? ಅದು ತೋರಿಸುವುದೂ ಮತ್ತೊಂದು ಲಿಂಕ್ ಆಗಿದ್ದರೆ? ಇದೇ ಲಿಂಕಿನ ಸರಪಳಿ. ಲಿನಕ್ಸ್ ಬಳಸುವವರು ಇದನ್ನು ಗೊತ್ತಿಲ್ಲದೆಯೇ ದಿನವೂ ಬಳಸುತ್ತಿರುತ್ತಾರೆ. ಡೆಬಿಯನ್, ಉಬುಂಟುವಿನಲ್ಲಿ ಜಾವಾ ಎಂದು ಟೈಪ್ ಮಾಡಿದರೆ ಮೊದಲು ಸಿಗುವುದು ಒಂದು ಲಿಂಕ್. ಅದು ಆಲ್ಟರ್ನೇಟಿವ್ಸ್ ಫೋಲ್ಡರಿನ ಲಿಂಕಿಗೆ ಹೋಗುತ್ತದೆ. ಅಲ್ಲಿಂದ ನಿಜವಾದ ಪ್ರೋಗ್ರಾಮಿಗೆ.

1983ರಲ್ಲಿ ಬಂದ ಯುನಿಕ್ಸ್ ಆವೃತ್ತಿ 4.2 ಬಿಎಸ್‌ಡಿಯಿಂದ ಯುನಿಕ್ಸ್ ಲೋಕದಲ್ಲಿ ಇದು ರೂಢಿಯಾಯಿತು. ವಿಂಡೋಸ್‌ಗೆ ಬಂದದ್ದು ಎಷ್ಟೋ ತಡವಾಗಿ, ವಿಸ್ಟಾ ಜೊತೆಗೆ. ಹಾಗಾಗಿ ಮೂರೂ ಕಡೆ ಹೆಸರು ಒಂದೇ ಆದರೂ ನಡವಳಿಕೆ ಒಂದೇ ಅಲ್ಲ. ಮೂರರಲ್ಲೂ ಓಡಬೇಕಾದ ಟೂಲ್ ಬರೆಯುವವರಿಗೆ ಈ ಬರಹ.

ಉದಾಹರಣೆಗೆ ನಮ್ಮದೇ ಒಂದು ಸಂಗ್ರಹ ತೆಗೆದುಕೊಳ್ಳುತ್ತೇನೆ. ಯಕ್ಷಗಾನ ಮೇಳಗಳ ಆಟದ ರೆಕಾರ್ಡಿಂಗ್‌ಗಳನ್ನು ನಾವು ಕೆಲವರು ಸೇರಿ ಜೋಡಿಸಿ ಇಡುತ್ತಿದ್ದೇವೆ. ಉಡುಪಿಯಲ್ಲಿರುವ ಸರ್ವರ್ ಲಿನಕ್ಸ್. ಮಂಗಳೂರಿನ ಗೆಳೆಯರದ್ದು ವಿಂಡೋಸ್ ಲ್ಯಾಪ್‌ಟಾಪ್. ಆಡಿಯೋ ಎಡಿಟಿಂಗ್ ಮಾಡುವವರ ಹತ್ತಿರ ಮ್ಯಾಕ್. ಮೇಳಗಳ ತಿರುಗಾಟ ಮೇ ಕೊನೆಗೆ ಬರುವ ಪತ್ತನಾಜೆಗೆ ಮುಗಿಯುತ್ತದೆ, ಮಳೆಗಾಲ ಕಳೆದ ಮೇಲೆ ಮತ್ತೆ ಶುರು. ಆದ್ದರಿಂದ ‘ಈ ವರ್ಷದ್ದು ಯಾವುದು’ ಎಂದು ಹೇಳಲು ಒಂದು ಲಿಂಕ್ ಬೇಕೇ ಬೇಕು. ಅದು ಪ್ರತಿ ವರ್ಷ ಬದಲಾಗುತ್ತದೆ.

ಫೋಲ್ಡರ್‌ಗಳು ಹೀಗಿವೆ ಎಂದುಕೊಳ್ಳಿ (ಎರಡು ಚುಕ್ಕೆ ಎಂದರೆ ಒಂದು ಮೆಟ್ಟಿಲು ಮೇಲಿನ ಫೋಲ್ಡರ್):

/ಸಂಗ್ರಹ/ಸೈಟ್/ಈಗಿನ → ../ಮೇಳ/ಈ-ತಿರುಗಾಟ
/ಸಂಗ್ರಹ/ಮೇಳ/ಈ-ತಿರುಗಾಟ → 2024-25
/ಸಂಗ್ರಹ/ಮೇಳ/2024-25 → /ಡಿಸ್ಕ್2/ಧ್ವನಿ/2024-25

ಕೊನೆಯದು ಹಳೆಯ ಡಿಸ್ಕಿನಲ್ಲಿ ಜಾಗ ಸಾಲದೆ ಮಾಡಿದ ಲಿಂಕ್. ಹೀಗೆಯೇ ಸರಪಳಿ ಬೆಳೆಯುವುದು. ಯಾರೂ ಬೇಕೆಂದು ಮೂರು ಲಿಂಕ್ ಹೆಣೆಯುವುದಿಲ್ಲ. ಒಂದೊಂದು ಕಾರಣಕ್ಕೆ ಒಂದೊಂದು ಸೇರಿಕೊಳ್ಳುತ್ತದೆ.

ಮೊದಲು ಪ್ರಶ್ನೆ ಯಾವುದು ಎಂದು ತೀರ್ಮಾನಿಸಿ

ಕೋಡ್ ಬರೆಯುವ ಮೊದಲೇ ಇದನ್ನು ಕೇಳಿಕೊಳ್ಳಬೇಕು. ನನಗೆ ಬೇಕಾದ್ದು ಲಿಂಕಿನ ಬಗ್ಗೆ ಮಾಹಿತಿಯೋ, ಅದು ತೋರಿಸುವ ಮುಂದಿನ ಜಾಗವೋ, ಸರಪಳಿಯ ಕೊನೆಯೋ? ಮೂರಕ್ಕೂ ಬೇರೆ ಬೇರೆ ಫಂಕ್ಷನ್ ಇವೆ. ‘ಇದು ಲಿಂಕಾ?’ ಎಂದು ಕೇಳಲು ಎಲ್‌ಸ್ಟ್ಯಾಟ್. ಒಂದೇ ಒಂದು ಹೆಜ್ಜೆ ಮುಂದೆ ನೋಡಲು ರೀಡ್‌ಲಿಂಕ್. ಕೊನೆ ಮುಟ್ಟಲು ರಿಯಲ್‌ಪಾತ್. ಬರೀ ಸ್ಟ್ಯಾಟ್ ಕರೆದರೆ ಅದು ಸರಪಳಿಯನ್ನು ತಾನೇ ದಾಟಿ ಕೊನೆಯ ಫೈಲಿನ ಮಾಹಿತಿ ಕೊಡುತ್ತದೆ. ನಡುವೆ ಲಿಂಕ್ ಇತ್ತು ಎಂಬುದೇ ನಿಮಗೆ ತಿಳಿಯುವುದಿಲ್ಲ.

ಡಾಟ್‌ನೆಟ್ 6ರಿಂದ ಬಂದಿರುವ ರಿಸಾಲ್ವ್‌ಲಿಂಕ್‌ಟಾರ್ಗೆಟ್ ಈ ಪ್ರಶ್ನೆಯನ್ನು ನಮ್ಮ ಎದುರೇ ಇಡುತ್ತದೆ. ಮುಂದಿನ ಹೆಜ್ಜೆ ಸಾಕೋ, ಕೊನೆಯ ಗುರಿ ಬೇಕೋ ಎಂದು ಟ್ರೂ ಅಥವಾ ಫಾಲ್ಸ್ ಕೊಟ್ಟು ಹೇಳಲೇಬೇಕು. ಒಳ್ಳೆಯ ವಿನ್ಯಾಸ. ನಿಮ್ಮ ಫಂಕ್ಷನ್ ಕೂಡ ಹಾಗೇ ಇರಲಿ.

ಎರಡು ಪಾತ್‌ಗಳು ಒಂದೇ ಫೈಲಿಗೆ ಹೋಗುತ್ತವೆಯೇ ಎಂದು ಮಾತ್ರ ಗೊತ್ತಾಗಬೇಕಾ? ಹಾಗಿದ್ದರೆ ಪಾತ್ ಬಿಡಿಸಿ ಅಕ್ಷರ ಹೋಲಿಸಬೇಡಿ. ಪೈಥಾನಿನ ಸೇಮ್‌ಫೈಲ್, ಜಾವಾದ ಈಸ್‌ಸೇಮ್‌ಫೈಲ್ ಇದಕ್ಕೆಂದೇ ಇವೆ. ಪೈಥಾನಿನದು ಡಿಸ್ಕಿನ ಗುರುತು ಮತ್ತು ಫೈಲಿನ ಗುರುತು ನೋಡಿ ಉತ್ತರ ಹೇಳುತ್ತದೆ.

ತೆರೆಯುವುದಷ್ಟೇ ಕೆಲಸವಾದರೆ ಏನನ್ನೂ ಬಿಡಿಸಬೇಡಿ. ಸುಮ್ನೆ ಓಪನ್ ಮಾಡಿ. ಸರಪಳಿ ದಾಟುವುದು ಆಪರೇಟಿಂಗ್ ಸಿಸ್ಟಮ್‌ನ ಕೆಲಸ, ಅದು ನಮಗಿಂತ ಚೆನ್ನಾಗಿ ಮಾಡುತ್ತದೆ.

ಒಂದು ಹೆಜ್ಜೆ, ಆದರೆ ಯಾವ ಜಾಗದಿಂದ?

ಇಲ್ಲೇ ಜಾಸ್ತಿ ಕೋಡ್ ಕೆಡುವುದು. ಲಿಂಕಿನ ಒಳಗೆ ‘/’ ಇಂದ ಶುರುವಾಗದ ಪಾತ್ ಇದ್ದರೆ, ಅದನ್ನು ಆ ಲಿಂಕ್ ಇರುವ ಫೋಲ್ಡರಿನಿಂದ ಲೆಕ್ಕ ಹಾಕಬೇಕು. ಪ್ರೋಗ್ರಾಮ್ ಓಡುತ್ತಿರುವ ಫೋಲ್ಡರಿನಿಂದ ಅಲ್ಲ. ಸರಪಳಿಯ ಮೊದಲ ಲಿಂಕ್ ಇದ್ದ ಫೋಲ್ಡರಿನಿಂದಲೂ ಅಲ್ಲ.

ನಮ್ಮ ಉದಾಹರಣೆಯನ್ನೇ ನಡೆದು ನೋಡೋಣ. /ಸಂಗ್ರಹ/ಸೈಟ್/ಈಗಿನ ಓದಿದಿರಿ. ಸಿಕ್ಕಿದ್ದು ../ಮೇಳ/ಈ-ತಿರುಗಾಟ. ಲಿಂಕ್ ಇರುವುದು /ಸಂಗ್ರಹ/ಸೈಟ್ ಒಳಗೆ. ಆದ್ದರಿಂದ ಮುಂದಿನ ನಿಲ್ದಾಣ /ಸಂಗ್ರಹ/ಮೇಳ/ಈ-ತಿರುಗಾಟ. ಅದನ್ನೂ ಓದಿದಿರಿ. ಸಿಕ್ಕಿದ್ದು ಬರೀ 2024-25. ಈಗ ನೀವು ನಿಂತಿರುವುದು /ಸಂಗ್ರಹ/ಮೇಳದಲ್ಲಿ. ಆದ್ದರಿಂದ /ಸಂಗ್ರಹ/ಮೇಳ/2024-25. ಅದರ ಒಳಗೆ ಇರುವುದು ‘/’ ಇಂದ ಶುರುವಾಗುವ ಪೂರ್ತಿ ಪಾತ್, ಹಾಗಾಗಿ ಹಿಂದಿನದ್ದನ್ನೆಲ್ಲ ಬಿಟ್ಟು /ಡಿಸ್ಕ್2/ಧ್ವನಿ/2024-25ಕ್ಕೆ ನೇರ ಹೋಗಬೇಕು.

ಲೂಪ್ ಶುರುವಾಗುವ ಮೊದಲೇ ಬೇಸ್ ಫೋಲ್ಡರ್ ತೆಗೆದಿಟ್ಟುಕೊಂಡು ಅದನ್ನೇ ಎಲ್ಲ ಹೆಜ್ಜೆಗೂ ಬಳಸಿದರೆ ಎರಡನೇ ಹೆಜ್ಜೆಯಲ್ಲಿ /ಸಂಗ್ರಹ/ಸೈಟ್/2024-25 ಎಂದು ಬರುತ್ತದೆ. ಅಂಥ ಫೋಲ್ಡರೇ ಇಲ್ಲ. ಒಂದೇ ಲಿಂಕ್ ಇರುವ ಟೆಸ್ಟಿನಲ್ಲಿ ಈ ಬಗ್ ಕಾಣುವುದೇ ಇಲ್ಲ. ಲಿಂಕ್‌ಗಳೆಲ್ಲ ಒಂದೇ ಫೋಲ್ಡರಿನಲ್ಲಿ ಇದ್ದರೂ ಕಾಣುವುದಿಲ್ಲ. ಬೇಸ್ ಫೋಲ್ಡರನ್ನು ಲೂಪಿನ ಒಳಗೆ, ಪ್ರತಿ ಹೆಜ್ಜೆಗೂ ಹೊಸದಾಗಿ ತೆಗೆಯಿರಿ.

ಸಿ ಭಾಷೆಯಲ್ಲಿ ರೀಡ್‌ಲಿಂಕ್ ಬಳಸುವವರಿಗೆ ಒಂದು ಮಾತು. ಅದು ಕೊನೆಯಲ್ಲಿ ಸೊನ್ನೆ ಬೈಟ್ ಹಾಕುವುದಿಲ್ಲ. ಬಫರ್ ಸಾಲದಿದ್ದರೆ ಎರರ್ ಕೊಡದೆ ಕತ್ತರಿಸಿಬಿಡುತ್ತದೆ. ಬಂದ ಉದ್ದ ಬಫರ್‌ನಷ್ಟೇ ಇದ್ದರೆ ದೊಡ್ಡ ಬಫರ್ ಮಾಡಿ ಮತ್ತೆ ಓದಿ. ಎಲ್‌ಸ್ಟ್ಯಾಟ್ ಹೇಳುವ ಗಾತ್ರವನ್ನೇ ನಂಬಿ ಕೂರುವ ಹಾಗಿಲ್ಲ. ಓಡುತ್ತಿರುವ ಪ್ರೋಗ್ರಾಮ್‌ಗಳ ಮಾಹಿತಿ ತೋರಿಸುವ ಲಿನಕ್ಸಿನ ಪ್ರಾಕ್ ಫೋಲ್ಡರಿನ ಎಷ್ಟೋ ಲಿಂಕ್‌ಗಳಿಗೆ ಅದು ಸೊನ್ನೆ ಎನ್ನುತ್ತದೆ. ಕನ್ನಡ ಹೆಸರಿನಲ್ಲಿ ಯುಟಿಎಫ್-8 ಪ್ರಕಾರ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು ಎನ್ನುವುದೂ ನೆನಪಿರಲಿ. ಇಂಗ್ಲಿಷ್ ಹೆಸರಿಗೆ ಸಾಕಾದ ಬಫರ್ ನಮ್ಮ ಹೆಸರಿಗೆ ಸಾಕಾಗದೆ ಹೋಗಬಹುದು.

ಎರಡು ಚುಕ್ಕೆಯನ್ನು ಅವಸರದಲ್ಲಿ ಅಳಿಸಬೇಡಿ

/ಸಂಗ್ರಹ/ಸೈಟ್/ಈಗಿನ/../ಪಟ್ಟಿ ಎಂಬ ಪಾತ್ ನೋಡಿ. ಕಣ್ಣಿಗೆ ಇದು /ಸಂಗ್ರಹ/ಸೈಟ್/ಪಟ್ಟಿ ಅನ್ನಿಸುತ್ತದೆ, ಅಲ್ವಾ? ಲಿನಕ್ಸ್, ಮ್ಯಾಕ್‌ನಲ್ಲಿ ಹಾಗಲ್ಲ. ಅವು ಮೊದಲು ‘ಈಗಿನ’ ಲಿಂಕನ್ನು ದಾಟಿ /ಡಿಸ್ಕ್2/ಧ್ವನಿ/2024-25 ಮುಟ್ಟುತ್ತವೆ. ಆಮೇಲೆ ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಹೋಗುತ್ತವೆ. ಸಿಗುವುದು /ಡಿಸ್ಕ್2/ಧ್ವನಿ/ಪಟ್ಟಿ. ವಿಂಡೋಸ್ ಮಾತ್ರ ಸಾಮಾನ್ಯವಾಗಿ ಪಾತನ್ನು ಮೊದಲೇ ಅಕ್ಷರದ ಲೆಕ್ಕದಲ್ಲಿ ಸರಿಮಾಡಿ ಆಮೇಲೆ ಒಳಗೆ ಕಳಿಸುತ್ತದೆ. ಅಲ್ಲಿ ಸಿಗುವುದು ಸೈಟ್ ಒಳಗಿನ ಪಟ್ಟಿ. ಒಂದೇ ಪಾತ್, ಎರಡು ಫೈಲ್.

ಕಮಾಂಡ್ ಟೈಪ್ ಮಾಡುವ ಶೆಲ್ ಇನ್ನಷ್ಟು ಗೊಂದಲ ಮಾಡುತ್ತದೆ. ಲಿಂಕಿನ ಮೂಲಕ ಒಳಗೆ ಹೋಗಿ ‘ಸಿಡಿ ..’ ಎಂದರೆ ಬಂದ ದಾರಿಯಲ್ಲೇ ವಾಪಸ್. ಅಲ್ಲೇ ನಿಂತು ‘ಎಲ್‌ಎಸ್ ..’ ಎಂದರೆ ನಿಜವಾದ ಫೋಲ್ಡರಿನ ಮೇಲಿನದ್ದನ್ನು ತೋರಿಸುತ್ತದೆ.

ಆದ್ದರಿಂದ ಪೈಥಾನಿನ ನಾರ್ಮ್‌ಪಾತ್, ಗೋ ಭಾಷೆಯ ಕ್ಲೀನ್ ಇಂಥವನ್ನು ಲಿಂಕ್ ಇರಬಹುದಾದ ಪಾತ್ ಮೇಲೆ ಬಳಸಬೇಡಿ. ಅವು ಡಿಸ್ಕನ್ನು ನೋಡುವುದೇ ಇಲ್ಲ.

ಕೈಯಿಂದಲೇ ಬಿಡಿಸಬೇಕಾದಾಗ

ಕೆಲವೊಮ್ಮೆ ರಿಯಲ್‌ಪಾತ್ ಸಾಕಾಗುವುದಿಲ್ಲ. ನಡುವಿನ ಪ್ರತಿಯೊಂದು ಲಿಂಕನ್ನೂ ದಾಖಲಿಸಬೇಕು, ಅಥವಾ ಸರಪಳಿ ಎಲ್ಲಿ ತುಂಡಾಗಿದೆ ಎಂದು ಬಳಕೆದಾರರಿಗೆ ಹೇಳಬೇಕು. ಆಗ ಪಾತಿನ ಕೊನೆಯ ತುಂಡನ್ನು ಮಾತ್ರ ನೋಡಿದರೆ ಆಗದು. ನಾಳೆ ‘ಮೇಳ’ ಫೋಲ್ಡರೇ ಒಂದು ಲಿಂಕ್ ಆಗಬಹುದು. ತುಂಡು ತುಂಡಾಗಿಯೇ ನಡೆಯಬೇಕು.

ಎರಡು ಪಟ್ಟಿ ಇಟ್ಟುಕೊಳ್ಳಿ. ಒಂದು ‘ಬಿಡಿಸಿ ಆದದ್ದು’, ಇನ್ನೊಂದು ‘ಇನ್ನೂ ಉಳಿದದ್ದು’. ಶುರುವಿಗೆ ಮೊದಲನೆಯದರಲ್ಲಿ ರೂಟ್ (‘/’) ಮಾತ್ರ ಇರುತ್ತದೆ, ಎರಡನೆಯದರಲ್ಲಿ ಪಾತಿನ ಎಲ್ಲ ತುಂಡುಗಳು. ಉಳಿದದ್ದರಿಂದ ಒಂದು ತುಂಡು ತೆಗೆಯಿರಿ. ಒಂದೇ ಚುಕ್ಕೆಯಾದರೆ (ಇದೇ ಫೋಲ್ಡರ್ ಎಂದರ್ಥ) ಬಿಟ್ಟುಬಿಡಿ. ಎರಡು ಚುಕ್ಕೆಯಾದರೆ ಬಿಡಿಸಿ ಆದದ್ದರ ಕೊನೆಯ ತುಂಡು ತೆಗೆದುಹಾಕಿ. ಇಲ್ಲಿ ಹಾಗೆ ಮಾಡಿದರೆ ತೊಂದರೆ ಇಲ್ಲ, ಏಕೆಂದರೆ ಬಿಡಿಸಿ ಆದದ್ದರಲ್ಲಿ ಲಿಂಕೇ ಉಳಿದಿಲ್ಲ. ಬೇರೆ ಹೆಸರಾದರೆ ಅದನ್ನು ಸೇರಿಸಿ ಎಲ್‌ಸ್ಟ್ಯಾಟ್ ಮಾಡಿ. ಲಿಂಕ್ ಅಲ್ಲದಿದ್ದರೆ ಅದು ಅಲ್ಲೇ ಉಳಿಯಲಿ. ಲಿಂಕ್ ಆದರೆ ಅದರೊಳಗಿನ ಪಾತ್ ಓದಿ, ಆ ಹೆಸರನ್ನು ವಾಪಸ್ ತೆಗೆಯಿರಿ, ಓದಿದ ಪಾತಿನ ತುಂಡುಗಳನ್ನು ಉಳಿದದ್ದರ ಮುಂದೆ ಸೇರಿಸಿ. ಅದು ‘/’ ಇಂದ ಶುರುವಾದರೆ ಬಿಡಿಸಿ ಆದದ್ದನ್ನು ರೂಟ್‌ಗೆ ತನ್ನಿ. ದಾಟಿದ ಲಿಂಕ್‌ಗಳ ಎಣಿಕೆ ಒಂದು ಹೆಚ್ಚಿಸಿ. ಉಳಿದದ್ದು ಖಾಲಿಯಾಗುವವರೆಗೆ ಹೀಗೇ.

ಈ ಕ್ರಮದಲ್ಲಿ ‘ಯಾವ ಫೋಲ್ಡರಿನಿಂದ’ ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಬಿಡಿಸಿ ಆದದ್ದೇ ಬೇಸ್ ಫೋಲ್ಡರ್. ರಿಕರ್ಶನ್ ಬೇಕಿಲ್ಲ. ಇದು ಯುನಿಕ್ಸ್ ಪಾತಿನ ಲೆಕ್ಕ. ವಿಂಡೋಸ್‌ನಲ್ಲಿ ಡ್ರೈವ್ ಅಕ್ಷರ, ನೆಟ್‌ವರ್ಕ್ ಶೇರ್ ಎಲ್ಲ ಇರುವುದರಿಂದ ಅಲ್ಲಿ ಭಾಷೆಯ ಲೈಬ್ರರಿಗೇ ಬಿಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಎಲ್ಲಿ ನಿಲ್ಲಬೇಕು?

ಸುತ್ತು ಬಿದ್ದ ಸರಪಳಿ ಮುಗಿಯುವುದಿಲ್ಲ. ಅದಕ್ಕೆ ಎಲ್ಲ ಸಿಸ್ಟಮ್‌ಗಳೂ ಮಿತಿ ಇಟ್ಟಿವೆ. ಲಿನಕ್ಸ್ ಒಂದು ಪಾತ್ ಬಿಡಿಸುವಾಗ ಒಟ್ಟು 40 ಲಿಂಕ್ ದಾಟುತ್ತದೆ. ಮ್ಯಾಕ್‌ನಲ್ಲಿ 32. ವಿಂಡೋಸ್‌ನಲ್ಲಿ ಒಂದು ಪಾತಿಗೆ 63. ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳ ಮಾನದಂಡವಾದ ಪೋಸಿಕ್ಸ್ ಖಾತರಿ ಕೊಡುವುದು ಬರೀ 8. ಲಿನಕ್ಸ್ ಕರ್ನಲ್ 4.2ಕ್ಕಿಂತ ಮೊದಲು ಒಂದರೊಳಗೊಂದು ಲಿಂಕ್ ಹೋಗುವ ಆಳಕ್ಕೆ ಬೇರೆಯೇ ಮಿತಿ ಇತ್ತು, 2.6.18ರಿಂದ ಅದು 8. ಡಾಟ್‌ನೆಟ್ ಯುನಿಕ್ಸ್‌ನಲ್ಲಿ 40, ವಿಂಡೋಸ್‌ನಲ್ಲಿ 63 ಎಂದೇ ಇಟ್ಟುಕೊಂಡಿದೆ. ಗೋ ಭಾಷೆಯ ಇವಾಲ್‌ಸಿಮ್‌ಲಿಂಕ್ಸ್ 255ರವರೆಗೂ ಹೋಗುತ್ತದೆ. ಅಂದರೆ ಗೋ ‘ಪಾತ್ ಸಿಕ್ಕಿತು’ ಎಂದ ಸರಪಳಿಯನ್ನೇ ಸಿಸ್ಟಮ್ ತೆರೆಯಲು ಒಪ್ಪದೆ ಇರಬಹುದು.

ನೀವೇ ಲಿಂಕ್ ಮಾಡುವವರಾದರೆ 8ರ ಒಳಗೆ ಇರಿ. ಓದುವವರಾದರೆ 40ಕ್ಕೆ ನಿಲ್ಲಿಸಿ, ಸ್ಪಷ್ಟ ಎರರ್ ಕೊಡಿ. ಆ ಎರರ್‌ನಲ್ಲಿ ಕೊನೆಯ ಎರಡು ಮೂರು ಲಿಂಕ್‌ಗಳ ಹೆಸರು ಇದ್ದರೆ ಹುಡುಕುವವರಿಗೆ ದೊಡ್ಡ ಉಪಕಾರ.

‘ಎಣಿಕೆ ಯಾಕೆ, ನೋಡಿದ ಲಿಂಕ್‌ಗಳನ್ನು ಒಂದು ಸೆಟ್‌ನಲ್ಲಿ ಹಾಕಿ, ಮತ್ತೆ ಬಂದರೆ ಸುತ್ತು ಅಂತ ಹೇಳಿದರೆ ಆಗದಾ?’ ಎಂದು ಹಲವರು ಕೇಳುತ್ತಾರೆ. ತುಂಡು ತುಂಡಾಗಿ ನಡೆಯುವಾಗ ಆಗದು. ‘ಇಲ್ಲಿ’ ಎಂಬ ಲಿಂಕ್ ಒಂದು ಚುಕ್ಕೆಯನ್ನು ತೋರಿಸುತ್ತದೆ ಎಂದುಕೊಳ್ಳಿ. ಇಲ್ಲಿ/ಇಲ್ಲಿ/ಪಟ್ಟಿ ಎಂಬ ಪಾತಿನಲ್ಲಿ ಒಂದೇ ಲಿಂಕ್ ಎರಡು ಸಲ ಬರುತ್ತದೆ. ಆದರೂ ಅದು ಸುತ್ತಲ್ಲ, ಸರಿಯಾದ ಪಾತ್. ಉಲ್ಟಾ ಕಡೆಯೂ ತೊಂದರೆ ಉಂಟು. ‘ಬಾಲ’ ಎಂಬ ಲಿಂಕ್ ಬಾಲ/ಹಿಂದೆ ಎಂದು ತೋರಿಸಿದರೆ ಉಳಿದ ಪಾತ್ ಪ್ರತಿ ಸುತ್ತಿಗೂ ಉದ್ದವಾಗುತ್ತಲೇ ಹೋಗುತ್ತದೆ. ಪೂರ್ತಿ ಪಾತ್ ಹೋಲಿಸುವ ಕೋಡಿಗೆ ಅದೇ ಪಾತ್ ಎರಡನೇ ಸಲ ಸಿಗುವುದೇ ಇಲ್ಲ. ಎಣಿಕೆ ಎರಡನ್ನೂ ಸರಿಯಾಗಿ ಹಿಡಿಯುತ್ತದೆ.

ಪೈಥಾನ್ ಬಳಸುವವರು ವರ್ಷನ್ ನೋಡಿಕೊಳ್ಳಿ. ರಿಯಲ್‌ಪಾತ್‌ಗೆ ಸ್ಟ್ರಿಕ್ಟ್ ಎಂಬ ಆಯ್ಕೆ ಬಂದದ್ದು 3.10ರಲ್ಲಿ. ಅದಿಲ್ಲದಿದ್ದರೆ ಸುತ್ತು ಬಿದ್ದರೂ ಯಾವುದೋ ಒಂದು ಪಾತ್ ಕೊಟ್ಟು ಸುಮ್ಮನಾಗುತ್ತದೆ. ಪಾತ್‌ಲಿಬ್‌ನ ರಿಸಾಲ್ವ್ 3.13ಕ್ಕಿಂತ ಮೊದಲು ಸುತ್ತಿಗೆ ರನ್‌ಟೈಮ್ ಎರರ್ ಕೊಡುತ್ತಿತ್ತು. ಈಗ ಸ್ಟ್ರಿಕ್ಟ್ ಆಗಿದ್ದರೆ ಓಎಸ್ ಎರರ್, ಇಲ್ಲದಿದ್ದರೆ ಏನೂ ಇಲ್ಲ.

ತುಂಡಾದ ಸರಪಳಿ

ಕೊನೆಯಲ್ಲಿ ಫೈಲೇ ಇಲ್ಲದಿದ್ದರೆ ಪೈಥಾನಿನ ಎಕ್ಸಿಸ್ಟ್ಸ್ ‘ಇಲ್ಲ’ ಎನ್ನುತ್ತದೆ. ಆದರೆ ಲಿಂಕ್ ಅಲ್ಲೇ ಇರುತ್ತದೆ. ಎಲ್‌ಎಕ್ಸಿಸ್ಟ್ಸ್ ಕೇಳಿದರೆ ‘ಇದೆ’ ಎನ್ನುತ್ತದೆ. ‘ಇಲ್ಲ’ ಎಂಬ ಉತ್ತರ ನಂಬಿ ಅದೇ ಹೆಸರಿನಲ್ಲಿ ಫೈಲ್ ಬರೆದರೆ, ಲಿನಕ್ಸ್‌ನಲ್ಲಿ ಆ ಫೈಲ್ ಲಿಂಕ್ ತೋರಿಸಿದ ಜಾಗದಲ್ಲಿ ಹುಟ್ಟಿಕೊಳ್ಳುತ್ತದೆ. ನೀವು ಎಣಿಸದ ಡಿಸ್ಕಿನಲ್ಲಿ! ಹೊಸ ಫೈಲೇ ಬೇಕು ಎಂದಿದ್ದರೆ ಪೈಥಾನಿನಲ್ಲಿ ಎಕ್ಸ್ ಮೋಡ್, ಸಿಯಲ್ಲಿ ಎಕ್ಸ್‌ಕ್ಲೂಸಿವ್ ಫ್ಲ್ಯಾಗ್ ಹಾಕಿ. ಅಲ್ಲಿ ಲಿಂಕ್ ಇದ್ದರೆ ಅದು ತುಂಡಾಗಿದ್ದರೂ ಎರರ್ ಬರುತ್ತದೆ.

ವಿಂಡೋಸ್‌ಗೆ ಬಂದಾಗ

‘ಅಣ್ಣ, ಲಿನಕ್ಸಿನಲ್ಲಿ ಎಲ್ಲ ಸರಿ ಉಂಟು. ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಫೋಲ್ಡರ್ ಇರಬೇಕಾದಲ್ಲಿ ಒಂದು ಸಾಲಿನ ಟೆಕ್ಸ್ಟ್ ಫೈಲ್ ಬಂದಿದೆ.’ ಮಂಗಳೂರಿನ ತಂಡಕ್ಕೆ ಹೊಸದಾಗಿ ಸೇರಿದ ಹುಡುಗ ಕೇಳಿದ ಪ್ರಶ್ನೆ ಇದು. ಆ ಫೈಲ್ ತೆರೆದರೆ ಒಳಗೆ ../ಮೇಳ/ಈ-ತಿರುಗಾಟ ಎಂದಷ್ಟೇ ಇತ್ತು. ಗಿಟ್ (ಫೈಲ್‌ಗಳ ಆವೃತ್ತಿ ಕಾಯ್ದಿಡುವ ಟೂಲ್) ಲಿಂಕ್ ಮಾಡಲು ಅನುಮತಿ ಇಲ್ಲದ ಕಡೆ ಲಿಂಕಿನ ಒಳಗಿನ ಪಾತನ್ನು ಸಾದಾ ಫೈಲಾಗಿ ಬರೆದಿಡುತ್ತದೆ. ವಿಂಡೋಸ್‌ನಲ್ಲಿ ಲಿಂಕ್ ಮಾಡಲು ಅಡ್ಮಿನ್ ಅನುಮತಿ ಬೇಕು, ಇಲ್ಲವೇ ಡೆವಲಪರ್ ಮೋಡ್ ಆನ್ ಇರಬೇಕು. ಡೆವಲಪರ್ ಮೋಡಿನ ಈ ಸೌಲಭ್ಯ ವಿಂಡೋಸ್ 10ರ 1703 ವರ್ಷನ್‌ನಿಂದ ಇದೆ. ಅದನ್ನು ಆನ್ ಮಾಡಿ, ಗಿಟ್‌ನ ಸಿಮ್‌ಲಿಂಕ್ಸ್ ಸೆಟ್ಟಿಂಗ್ ಟ್ರೂ ಮಾಡಿ, ಮತ್ತೆ ಕ್ಲೋನ್ ಮಾಡಬೇಕು.

ಇಲ್ಲಿ ಫೈಲ್ ಲಿಂಕ್ ಬೇರೆ, ಫೋಲ್ಡರ್ ಲಿಂಕ್ ಬೇರೆ. ಮಾಡುವಾಗಲೇ ಹೇಳಬೇಕು. ಗುರಿ ಇನ್ನೂ ಹುಟ್ಟದಿದ್ದರೆ ಅದು ಯಾವ ಜಾತಿ ಎಂದು ಲೈಬ್ರರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಸರಪಳಿಯನ್ನು ಕೊನೆಯಿಂದ ಕಟ್ಟುತ್ತಾ ಬನ್ನಿ: ಮೊದಲು ನಿಜವಾದ ಫೋಲ್ಡರ್, ಆಮೇಲೆ ಅದರ ಲಿಂಕ್, ಕೊನೆಗೆ ‘ಈಗಿನ’. ಪೈಥಾನಿನಲ್ಲಿ ಟಾರ್ಗೆಟ್ ಈಸ್ ಡೈರೆಕ್ಟರಿ ಎಂಬ ಆಯ್ಕೆಯನ್ನು ಯಾವಾಗಲೂ ಕೊಡಿ.

ಜಂಕ್ಷನ್ ಎಂಬ ಇನ್ನೊಂದು ಬಗೆಯೂ ಇದೆ. ಅದು ಫೋಲ್ಡರಿಗೆ ಮಾತ್ರ, ಯಾವಾಗಲೂ ಪೂರ್ತಿ ಪಾತ್, ವಿಶೇಷ ಅನುಮತಿ ಬೇಡ. ಪೈಥಾನಿನ ಈಸ್‌ಲಿಂಕ್ ಅದಕ್ಕೆ ‘ಅಲ್ಲ’ ಎನ್ನುತ್ತದೆ. 3.12ರಿಂದ ಈಸ್‌ಜಂಕ್ಷನ್ ಇದೆ, ಎರಡನ್ನೂ ಕೇಳಿ. ರೀಪಾರ್ಸ್ ಪಾಯಿಂಟ್ (ಫೈಲಿಗೆ ವಿಂಡೋಸ್ ಅಂಟಿಸುವ ವಿಶೇಷ ಗುರುತು) ಇದೆ ಎಂದ ಮಾತ್ರಕ್ಕೆ ಲಿಂಕ್ ಎಂದುಕೊಳ್ಳಬೇಡಿ. ಒನ್‌ಡ್ರೈವ್ ಫೈಲ್‌ಗಳಿಗೂ ಅದು ಇರುತ್ತದೆ. ಅದು ಯಾವ ಬಗೆಯದು ಎಂದು ತಿಳಿಸುವ ಟ್ಯಾಗ್ ನೋಡಿಯೇ ಹೇಳಬೇಕು. ರೀಡ್‌ಲಿಂಕ್ ಕೊಡುವ ಪಾತಿನ ಮುಂದೆ \\?\ ಅಂಟಿಕೊಂಡು ಬರಬಹುದು, ಹೋಲಿಸುವಾಗ ಅದೂ ಗಮನದಲ್ಲಿರಲಿ.

ಕನ್ನಡ ಹೆಸರಿನ ಲಿಂಕ್

ಇದನ್ನು ನಮ್ಮವರೇ ನೋಡಿಕೊಳ್ಳಬೇಕು. ಇಂಗ್ಲಿಷ್ ಹೆಸರಿನಲ್ಲೇ ಟೆಸ್ಟ್ ಮಾಡುವವರಿಗೆ ಈ ಬಗ್ ಎಂದೂ ಕಾಣದು.

‘ಕೋಟ’ ಎಂಬ ಫೋಲ್ಡರ್ ಇದೆ ಎಂದುಕೊಳ್ಳಿ. ಯುನಿಕೋಡ್‌ನಲ್ಲಿ ಈ ಹೆಸರನ್ನು ಎರಡು ರೀತಿ ಬರೆಯಬಹುದು. ಒಟ್ಟಾಗಿ ಬರೆದರೆ 3 ಚಿಹ್ನೆ: ಕ, ಓತ್ವ, ಟ. ಅಂದರೆ 9 ಬೈಟ್. ಬಿಡಿಸಿ ಬರೆದರೆ ಓತ್ವವೇ ಮೂರು ಚಿಹ್ನೆ ಆಗುತ್ತದೆ. ಒಟ್ಟು 5 ಚಿಹ್ನೆ, 15 ಬೈಟ್. ಮೊದಲನೆಯದು ಎನ್‌ಎಫ್‌ಸಿ, ಎರಡನೆಯದು ಎನ್‌ಎಫ್‌ಡಿ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣಬೇಕು. ಈ, ಏ, ಐ, ಒ, ಓ ಸ್ವರಗಳ ಚಿಹ್ನೆಗೆಲ್ಲ ಇದೇ ಕಥೆ.

ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಈಗಿನ ಎಪಿಎಫ್‌ಎಸ್ ಕೊಟ್ಟ ಹಾಗೇ ಇಡುತ್ತದೆ, ಆದರೆ ಹುಡುಕುವಾಗ ಎರಡನ್ನೂ ಒಂದೇ ಎಂದು ಎಣಿಸುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಬೈಟ್ ಹೋಲಿಸುತ್ತದೆ, ಅಷ್ಟೇ. ಹಾಗಾಗಿ ಲಿಂಕಿನ ಒಳಗೆ 15 ಬೈಟಿನ ಕೋಟ, ಡಿಸ್ಕಿನಲ್ಲಿ 9 ಬೈಟಿನ ಕೋಟ ಇದ್ದರೆ ಮ್ಯಾಕ್‌ನಲ್ಲಿ ಸರಪಳಿ ಚೆನ್ನಾಗಿ ನಡೆಯುತ್ತದೆ, ಲಿನಕ್ಸ್ ಸರ್ವರ್‌ಗೆ ಹೋದ ಕೂಡಲೇ ತುಂಡಾಗುತ್ತದೆ. ಲಿಂಕ್ ಮಾಡುವ ಒಂದೇ ಫಂಕ್ಷನ್ ಇರಲಿ. ಹೆಸರನ್ನೂ ಗುರಿಯನ್ನೂ ಅಲ್ಲೇ ಎನ್‌ಎಫ್‌ಸಿಗೆ ತನ್ನಿ. ಬೇರೆಯವರು ಮಾಡಿದ ಲಿಂಕ್ ಓದುವಾಗ ಮಾತ್ರ ಬದಲಿಸಲು ಹೋಗಬೇಡಿ, ಇದ್ದ ಬೈಟನ್ನೇ ಬಳಸಿ.

ಪದದ ನಡುವಿನ ಕಾಣದ ಝಡ್‌ಡಬ್ಲ್ಯುಎನ್‌ಜೆ ಚಿಹ್ನೆ (ಅಕ್ಷರಗಳು ಒತ್ತಕ್ಷರವಾಗಿ ಕೂಡದಂತೆ ತಡೆಯುವುದು) ಎನ್‌ಎಫ್‌ಸಿಗೆ ತಂದರೂ ಹೋಗುವುದಿಲ್ಲ. ನಮ್ಮ ಸಂಗ್ರಹದಲ್ಲಿ ಲಿಂಕಿನ ಹೆಸರಿಗೆ ಅದು ಬರುವ ಪದಗಳನ್ನೇ ಇಡುವುದಿಲ್ಲ ಎಂದು ನಿಯಮ ಮಾಡಿಕೊಂಡಿದ್ದೇವೆ.

ಲಿಂಕ್ ಬದಲಿಸುವುದು, ಅಳಿಸುವುದು

ಹೊಸ ತಿರುಗಾಟ ಶುರುವಾದಾಗ ಈ-ತಿರುಗಾಟ ಲಿಂಕನ್ನು 2025-26ಕ್ಕೆ ತಿರುಗಿಸಬೇಕು. ಅಳಿಸಿ ಮತ್ತೆ ಮಾಡಿದರೆ ನಡುವಿನ ಕ್ಷಣದಲ್ಲಿ ಕೇಳುವವರಿಗೆ ಏನೂ ಸಿಗುವುದಿಲ್ಲ. ಬೇರೆ ಹೆಸರಿನಲ್ಲಿ ಹೊಸ ಲಿಂಕ್ ಮಾಡಿ, ಅದನ್ನು ಹಳೆಯದರ ಮೇಲೆ ರೀನೇಮ್ ಮಾಡಿ. ಲಿನಕ್ಸ್, ಮ್ಯಾಕ್‌ನಲ್ಲಿ ಇದು ಒಂದೇ ಏಟಿಗೆ ಆಗುತ್ತದೆ. ವಿಂಡೋಸ್‌ನಲ್ಲಿ ಫೋಲ್ಡರ್ ಲಿಂಕಿನ ಮೇಲೆ ಹೀಗೆ ರೀನೇಮ್ ಮಾಡಲು ಬರುವುದಿಲ್ಲ. ಅಲ್ಲಿ ತೆಗೆದೇ ಮಾಡಬೇಕು, ಓದುವ ಕೋಡಿನಲ್ಲಿ ಸ್ವಲ್ಪ ಕಾದು ಮತ್ತೆ ಪ್ರಯತ್ನಿಸುವ ವ್ಯವಸ್ಥೆ ಇರಲಿ.

ಫೋಲ್ಡರ್ ಸಮೇತ ಅಳಿಸುವ ಕೋಡ್ ಲಿಂಕ್ ಕಂಡರೆ ಲಿಂಕನ್ನು ಮಾತ್ರ ಅಳಿಸಬೇಕು, ಒಳಗೆ ಹೋಗಲೇಬಾರದು. ವರ್ಷಗಟ್ಟಲೆ ಕೂಡಿಟ್ಟ ಭಾಗವತರ ಹಾಡು ಹೋದರೆ ಮತ್ತೆ ತರುವುದು ಎಲ್ಲಿಂದ?

ಹೊರಗಿನವರು ಕೊಟ್ಟ ಪಾತ್ ಅಥವಾ ಟಾರ್ ಫೈಲ್ (ಹಲವು ಫೈಲ್ ಸೇರಿಸಿದ ಒಂದು ಕಟ್ಟು) ಬಿಡಿಸುವಾಗ ‘ಮೊದಲು ಪರೀಕ್ಷೆ, ಆಮೇಲೆ ಓಪನ್’ ಸಾಲದು. ಎರಡರ ನಡುವೆ ಲಿಂಕ್ ಬದಲಾಗಬಹುದು. ಲಿಂಕ್ ಹಿಂಬಾಲಿಸಬೇಡ ಎನ್ನುವ ನೋಫಾಲೋ ಫ್ಲ್ಯಾಗ್ ಕೊನೆಯ ತುಂಡನ್ನು ಮಾತ್ರ ಕಾಯುತ್ತದೆ. ಲಿನಕ್ಸ್ 5.6ರಿಂದ ಇರುವ ಓಪನ್ಯಾಟ್2 ಪೂರ್ತಿ ಪಾತನ್ನು ಒಂದು ಫೋಲ್ಡರಿನ ಒಳಗೇ ಕಟ್ಟಿಹಾಕಬಲ್ಲದು. ಪೈಥಾನಿನಲ್ಲಿ ಟಾರ್ ಬಿಡಿಸುವಾಗ ಡೇಟಾ ಫಿಲ್ಟರ್ ಬಳಸಿ.

ಟೆಸ್ಟ್

ಬೇರೆ ಬೇರೆ ಫೋಲ್ಡರಿನಲ್ಲಿ ಇರುವ ಮೂರು ಲಿಂಕಿನ ಸರಪಳಿ, ನಡುವೆ ತುಂಡಾದದ್ದು, ತನ್ನನ್ನೇ ತೋರಿಸುವ ಲಿಂಕ್, ಉದ್ದವಾಗುತ್ತಾ ಹೋಗುವ ‘ಬಾಲ’, ಇಲ್ಲಿ/ಇಲ್ಲಿ, ಎರಡೂ ರೀತಿಯ ‘ಕೋಟ’. ಇಷ್ಟು ಟೆಸ್ಟ್ ಇರಲೇಬೇಕು. ಪ್ರೋಗ್ರಾಮ್ ಬೇರೊಂದು ಫೋಲ್ಡರಿನಿಂದ ಓಡುವಾಗಲೂ ಇವು ಪಾಸ್ ಆಗಬೇಕು.

ಮ್ಯಾಕ್‌ನಲ್ಲಿ ಟೆಸ್ಟ್ ಸುಮ್ಮನೆ ಫೇಲ್ ಆಗುತ್ತಿದ್ದರೆ ಟೆಂಪ್ ಫೋಲ್ಡರ್ ನೋಡಿ. ಅಲ್ಲಿ ಟಿಎಂಪಿ, ವಾರ್ ಎರಡೂ ಪ್ರೈವೇಟ್ ಫೋಲ್ಡರಿಗೆ ಹೋಗುವ ಲಿಂಕ್‌ಗಳೇ. ನೀವು ಕೊಟ್ಟ ಪಾತ್ ಒಂದು, ರಿಯಲ್‌ಪಾತ್ ಕೊಡುವುದು ಇನ್ನೊಂದು. ಟೆಸ್ಟ್ ಶುರುವಿನಲ್ಲೇ ಟೆಂಪ್ ಫೋಲ್ಡರನ್ನು ಒಮ್ಮೆ ಬಿಡಿಸಿ ಇಟ್ಟುಕೊಂಡರೆ ಆಯಿತು. ವಿಂಡೋಸ್‌ನಲ್ಲಿ ಲಿಂಕ್ ಮಾಡಲು ಅನುಮತಿ ಇಲ್ಲದಿದ್ದರೆ ಟೆಸ್ಟನ್ನು ಸ್ಕಿಪ್ ಮಾಡಿಸಿ, ಆದರೆ ಕೋಡ್ ಬದಲಾದಾಗಲೆಲ್ಲ ತಾನಾಗಿ ಟೆಸ್ಟ್ ಓಡಿಸುವ ಸಿಐ ಸರ್ವರಿನಲ್ಲಿ ಮಾತ್ರ ಸ್ಕಿಪ್ ಆಗಲು ಬಿಡಬೇಡಿ. ಅಲ್ಲಿ ಡೆವಲಪರ್ ಮೋಡ್ ಆನ್ ಮಾಡಿಯೇ ಓಡಿಸಿ.